ಹಂಚಿಕೊಳ್ಳಬಹುದು, ಆದರೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಸಂಗತಿಯನ್ನು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂದು ಮೂರು ತಿಂಗಳು ಯೋಚಿಸಿದ್ದೇನೆ. ಯೋಚಿಸಿ ಒಂದು ತೀರ್ಮಾನಕ್ಕೆ ಬರುವ ಅಭ್ಯಾಸ ನನಗಿಲ್ಲವಾದ್ದರಿಂದ, ತೀರ್ಮಾನಿಸದೆಯೇ ಬರೆಯತೊಡಗಿದ್ದೇನೆ. ಇದರಲ್ಲಿ ಬರುವ ಇಬ್ಬರೂ ದೊಡ್ಡ ಮನುಷ್ಯರು. ಇಬ್ಬರ ಮನೆಯ ಊಟವನ್ನೂ ಉಂಡವನು ನಾನು. ಆದ್ದರಿಂದ ಊರಿನ ಹೆಸರು ಹೇಳುವುದಿಲ್ಲ. ಅಣ್ಣಿಗೇರಿಯಿಂದ ಶಲವಡಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಎಡಕ್ಕೆ ಕಾಣುತ್ತದೆ. ಬಲಕ್ಕೆ ನೋಡಿದರೆ ಕಾಣುವುದಿಲ್ಲ. ಇಷ್ಟು ಸಾಕು.

ಆ ಊರಿನ ಹತ್ತಿ ಬೆಳೆಗಾರರ ಸಂಘದಲ್ಲಿ ನಾನು ಕಾರಕೂನ. ಹೆಸರು ಮಾಳಪ್ಪ. ಏಳು ವರ್ಷದಿಂದ ಹಂಗಾಮಿ. ಆರು ತಿಂಗಳಿಗೊಮ್ಮೆ ಒಂದು ದಿನದ ಮಟ್ಟಿಗೆ ನನ್ನನ್ನು ಕೆಲಸದಿಂದ ತೆಗೆದು, ಮರುದಿನ ಹೊಸಬನೆಂದು ಸೇರಿಸಿಕೊಳ್ಳುತ್ತಾರೆ. ಹೀಗೆ ಹದಿನಾಲ್ಕು ಸಲ ಹೊಸಬನಾಗಿದ್ದೆ. ಆ ಒಂದು ದಿನ ಬಂದಾಗಲೆಲ್ಲ ನನ್ನ ಹೆಂಡತಿ ಶಾರದವ್ವ, "ಇವತ್ತ ನೀವು ಯಾರೂ ಅಲ್ಲ. ಗಿರಣಿಗೆ ಹೋಗಿ ಜ್ವಾಳಾ ಬೀಸಿಕೊಂಡು ಬರ್ರಿ" ಎನ್ನುತ್ತಿದ್ದಳು. ಖಾಯಂ ಆಗಬೇಕೆಂಬ ಒಂದೇ ಆಸೆಯಿಂದ ನಾನು ಹುಬ್ಬಳ್ಳಿಯಲ್ಲಿ ನಾಲ್ಕು ತಿಂಗಳು ಸಂಜೆಯ ಕಂಪ್ಯೂಟರ್ ತರಗತಿಗೆ ಹೋದೆ. ತರಗತಿ ಎಂಟಕ್ಕೆ ಮುಗಿಯುತ್ತಿತ್ತು. ನಮ್ಮ ಕಡೆಯ ಕೊನೆಯ ಬಸ್ಸು ಏಳೂವರೆಗೆ ಬಿಡುತ್ತಿತ್ತು. ಆದ್ದರಿಂದ ಪ್ರತಿಯೊಂದು ಪಾಠದ ಕೊನೆಯ ಅರ್ಧ ತಾಸು ನನಗೆ ತಪ್ಪಿದೆ. ಕಂಪ್ಯೂಟರ್ ಹೇಗೆ ಶುರು ಮಾಡಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಹೇಗೆ ನಿಲ್ಲಿಸಬೇಕೆಂಬುದನ್ನು ಬೇರೆಯವರಿಂದ ಕೇಳಿ ತಿಳಿದುಕೊಂಡೆ.

೧೯೮೮ರಲ್ಲಿ ನಮ್ಮ ಸಂಘಕ್ಕೆ ಕಂಪ್ಯೂಟರ್ ಬಂತು. ಅದರ ಜೊತೆಗೆ ಎರಡು ಎಲೆಕ್ಟ್ರಾನಿಕ್ ತಕ್ಕಡಿಗಳೂ ಬಂದವು. ಎರಡು ಏಕೆಂದರೆ, ಅಧ್ಯಕ್ಷರಾದ ಕುಬೇರಪ್ಪನವರು ಮೇಲಿನ ಓಣಿಯವರು. ಅವರು ತಮ್ಮ ತಂದೆಯ ಹೆಸರಿನಲ್ಲಿ ಒಂದನ್ನು ದಾನ ಕೊಟ್ಟರು. ಮರುದಿನವೇ ಕೆಳಗಿನ ಓಣಿಯ ಉಪಾಧ್ಯಕ್ಷರಾದ ಈರಬಸಪ್ಪನವರು ತಮ್ಮ ತಂದೆಯ ಹೆಸರಿನಲ್ಲಿ ಇನ್ನೊಂದನ್ನು ಕೊಟ್ಟರು. ಇಬ್ಬರೂ ಅಂಕಿ ತೋರಿಸುವ ಕಿಂಡಿಯಿಲ್ಲದ, ಕಡಿಮೆ ದರದ ಮಾದರಿಯನ್ನೇ ಆರಿಸಿದ್ದರು. ಪಿತೃಭಕ್ತಿಯಲ್ಲಿ ಇಬ್ಬರೂ ಸರಿಸಮಾನರು. ಹೀಗಾಗಿ ತಕ್ಕಡಿಯ ಮೇಲೆ ಏನಿಟ್ಟರೂ ಅದರ ತೂಕ ನನ್ನ ಖೋಲಿಯಲ್ಲಿದ್ದ ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಕಾಣುತ್ತಿತ್ತು. ಅಧ್ಯಕ್ಷರ ತಕ್ಕಡಿ ಮೂಡಣ ಬಾಗಿಲಿಗೆ, ಉಪಾಧ್ಯಕ್ಷರದು ಪಡುವಣ ಬಾಗಿಲಿಗೆ, ನಡುವೆ ನಾನು.

ಜೋಡಿಸಲು ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರ್ ಬಂದರು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ತಕ್ಕಡಿಗೊಂದರಂತೆ ಎರಡು ಕಾರ್ಡುಗಳನ್ನು ಒಳಗೆ ಚುಚ್ಚಿದರು. ಆಮೇಲೆ ತಲೆ ಕೆರೆದುಕೊಂಡರು.

"ಗೌಡ್ರ, ಒಂದ್ ಸಣ್ಣ ಮಾತೈತ್ರಿ" ಎಂದರು. "ಕಂಪ್ಯೂಟರ್ ತನ್ನ ಕೆಲಸದಾಗ ಇರತೈತಿ. ತಕ್ಕಡಿ ಮ್ಯಾಲಿನ ಬಟನ್ ಒತ್ತಿದ್ರ ಅದರ ಕಾರ್ಡು ಒಳಗ ಗಂಟಿ ಬಾರಸತೈತಿ. ಆಗ ಕಂಪ್ಯೂಟರ್ ಕೈಯಾಗಿನ ಕೆಲಸ ಬಿಟ್ಟು, ತೂಕ ಬರಕೊಂಡು ಹೊಳ್ಳಿ ಹೋಕ್ಕೈತಿ. ಇದಕ್ಕ ಇಂಟರಪ್ಟ್ ಅಂತಾರ್ರಿ. ಈ ಎರಡೂ ಕಾರ್ಡು ನಾಲ್ಕನೇ ನಂಬರ ಗಂಟಿಗೇ ಜೋಡಿಸಿಕೊಂಡು ಬಂದಾವು. ಒಂದನ್ನ ಮೂರಕ್ಕ ಹಾಕ್ತೀನಿ. ಯಾರದ್ದು ಹಾಕಲಿ?"

"ಮೂರಕ್ಕೂ ನಾಲ್ಕಕ್ಕೂ ಏನ್ ಫರಕು?" ಎಂದು ಅಧ್ಯಕ್ಷರು ಕೇಳಿದರು.

ಇಂಜಿನಿಯರ್ ಪ್ರಾಮಾಣಿಕರು. ಅದೇ ಅವರ ದೋಷ. "ಎರಡೂ ಒಮ್ಮೆಗೇ ಬಾರಿಸಿದ್ರ, ಮೂರರದ್ದು ಮೊದಲ ಕೇಳತೈತ್ರಿ" ಎಂದುಬಿಟ್ಟರು.

"ಹಂಗಿದ್ರ ನಂದು ಮೂರಕ್ಕ ಹಾಕು" ಎಂದರು ಕುಬೇರಪ್ಪನವರು.

"ಯಾಕ? ನಮ್ಮಪ್ಪ ಹಿಂದಿಂದ ಹುಟ್ಟಿದ್ನೇನು?" ಎಂದು ಈರಬಸಪ್ಪನವರು ಎದ್ದು ನಿಂತರು. ಅವರು ಎದ್ದು ನಿಂತರೆ ಖೋಲಿಯಲ್ಲಿ ಬೆಳಕು ಕಡಿಮೆಯಾಗುತ್ತದೆ. ಅಷ್ಟು ಭಾರೀ ಆಳು.

ತುರ್ತು ಸಭೆ ಸೇರಿತು. ಎರಡು ತಾಸು ಚರ್ಚೆಯಾಯಿತು. ಕಂಪ್ಯೂಟರ್ ಎಂದರೇನೆಂದು ಗೊತ್ತಿಲ್ಲದ ಹನ್ನೊಂದು ಜನ ನಿರ್ದೇಶಕರು ಮೂರನೇ ನಂಬರಿಗಾಗಿ ಗಂಟಲು ಹರಿದುಕೊಂಡರು. ಕೊನೆಗೆ ಕುಬೇರಪ್ಪನವರು ನನ್ನ ಕಡೆ ತಿರುಗಿದರು.

"ಏನ್ ಮಾಳಪ್ಪಾ, ಹುಬ್ಬಳ್ಳಿಗೆ ಹೋಗಿ ಕಲತು ಬಂದೀಯಲ್ಲ, ನಿನ್ನ ವಹಿಯಾಗ ಏನ್ ಬರದೈತಿ? ಒಂದ ನಂಬರು ಇಬ್ಬರು ಹಂಚಕೋಬಹುದೋ ಇಲ್ಲೋ?"

ನಾನು ಟಿಪ್ಪಣಿ ವಹಿ ತೆರೆದೆ. ಇಂಟರಪ್ಟಿನ ಪಾಠ ಸಿಕ್ಕಿತು. ನನ್ನದೇ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಒಂದೇ ಗೆರೆಯನ್ನು ಎರಡು ಕಾರ್ಡುಗಳು ಹಂಚಿಕೊಳ್ಳಬಹುದು, ಆದರೆ". ಅಲ್ಲಿಗೆ ಮುಗಿದಿತ್ತು. ಅಲ್ಲಿ ನಾನು ಬಸ್ಸಿಗೆ ಓಡಿದ್ದೆ.

ಹನ್ನೊಂದು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಏಳು ವರ್ಷದಲ್ಲಿ ಆ ಸಭೆಯಲ್ಲಿ ಚಹಾ ತರಲು ಹೇಳುವುದನ್ನು ಬಿಟ್ಟು ಬೇರೆ ಯಾವುದಕ್ಕೂ ಯಾರೂ ನನ್ನನ್ನು ಕರೆದಿರಲಿಲ್ಲ.

"ಹಂಚಕೋಬಹುದು ಅಂತ ಐತ್ರಿ" ಎಂದೆ.

"ಆದರೆ" ಎಂಬ ಒಂದು ಮಾತನ್ನು ನುಂಗಿದೆ. ಮೂರೇ ಅಕ್ಷರ. ಇಂದಿಗೂ ಅದು ಎದೆಯಲ್ಲಿ ಸಿಕ್ಕಿಕೊಂಡಿದೆ.

ಇಂಜಿನಿಯರ್ ಹೌಹಾರಿದರು. "ಈ ಮಶೀನಿನಾಗ ಹಂಚಿಕಿ ನಡ್ಯಂಗಿಲ್ರೀ ಗೌಡ್ರ!"

"ಯಾಕ ನಡ್ಯಂಗಿಲ್ಲ? ನಮ್ಮೂರಾಗ ಅಣ್ಣತಮ್ಮರು ಒಂದ ಬಾವಿ ಹಂಚಕೊಂಡಾರ" ಎಂದರು ಈರಬಸಪ್ಪನವರು.

"ಹೌದ್ರಿ, ಆದ್ರ ಅವರು ಪಾಳಿ ಮಾಡಿಕೊಂಡಿರತಾರ. ಇವತ್ತ ಒಬ್ಬರದು, ನಾಳೆ ಒಬ್ಬರದು…"

"ಪಾಳಿ ಅಂದ್ರ ಮೊದಲನೇ ಪಾಳಿ ಯಾರದು?" ಎಂದು ಇಬ್ಬರೂ ಒಮ್ಮೆಗೇ ಕೇಳಿದರು. ಎರಡೂ ತಕ್ಕಡಿಗಳು ನಾಲ್ಕನೇ ನಂಬರಿನಲ್ಲೇ ಸರಿಸಮಾನ ಗೌರವದಿಂದ ಇರತಕ್ಕದ್ದೆಂದು ಠರಾವಾಯಿತು. ಇದು ಸಂಘದ ಇಚ್ಛೆಯಂತೆ ಮಾಡಿದ್ದೆಂದು ಇಂಜಿನಿಯರ್ ಎಲ್ಲರ ಸಹಿ ಮಾಡಿಸಿಕೊಂಡು, ಬಂದ ಬಸ್ಸಿನಲ್ಲೇ ಹೋದರು. ಹೋಗುವಾಗ ನನಗೊಂದು ಸೂಚನೆ ಕೊಟ್ಟರು: ಬಟನ್ ಮೇಲೆ ಬೆರಳಿರುವ ತನಕ ಗಂಟೆ ಹಿಡಿದೇ ಇರುತ್ತದೆ, ಬೆರಳು ತೆಗೆದರೆ ಪರದೆಯ ಮೇಲಿನ ತೂಕಕ್ಕೆ ಒಪ್ಪಿದ ಹಾಗೆ. ಎರಡೂ ತಕ್ಕಡಿಯ ಗಂಟೆ ಕೇಳಿಸಿದ ಮೇಲೆಯೇ ತೂಕದ ಚೀಟಿ ಹೊರಬರುತ್ತದೆ.

ಉದ್ಘಾಟನೆ ಚೆನ್ನಾಗಿ ಆದರೆ ಮುಂದಿನ ಸಭೆಯಲ್ಲಿ ನನ್ನನ್ನು ಖಾಯಂ ಮಾಡುವುದಾಗಿ ಅಧ್ಯಕ್ಷರು ಹೇಳಿದರು. ಉಪಾಧ್ಯಕ್ಷರು ಅನುಮೋದಿಸಿದರು. ಶಾರದವ್ವ ಅಂದು ಸಜ್ಜಕ ಮಾಡಿ, "ಇನ್ನ ಮ್ಯಾಲ ಗಿರಣಿಗೆ ನಾನ ಹೋಗ್ತೀನಿ ಬಿಡ್ರಿ" ಎಂದಳು. ನಾನು ಆ ಸಿಹಿಯ ತಾಟನ್ನು ಮುಂದಿನಿಂದ ಸರಿಸಿದೆ.

ಏಕೆ ಸರಿಸಿದೆನೆಂದರೆ, ಅಂದು ಮಧ್ಯಾಹ್ನ ನಾನು ನಮ್ಮ ಸಿಪಾಯಿ ಮಾಬುಸಾಬನನ್ನು ಮಾತಾಡಿಸಿದ್ದೆ. ನಮ್ಮ ಕಚೇರಿಯಲ್ಲಿ ಅಧ್ಯಕ್ಷರಿಗೊಂದು ಖೋಲಿ, ಉಪಾಧ್ಯಕ್ಷರಿಗೊಂದು ಖೋಲಿ. ಇಬ್ಬರ ಮೇಜಿನ ಮೇಲೂ ಸಿಪಾಯಿಯನ್ನು ಕರೆಯುವ ಬಟನ್ ಇದೆ. ಆದರೆ ಪಡಸಾಲೆಯಲ್ಲಿ ಗಂಟೆ ಮಾತ್ರ ಒಂದೇ. ಎರಡು ಗಂಟೆ ಹಾಕಿದರೆ ಯಾರದು ದೊಡ್ಡ ದನಿ ಎಂಬ ಪ್ರಶ್ನೆ ಏಳುತ್ತದೆಂದು ಹಾಕಿರಲಿಲ್ಲ.

"ಮಾಬುಸಾಬ, ಇಬ್ಬರೂ ಒಮ್ಮೆಗೇ ಒತ್ತಿದ್ರ ನಿನಗ ಹೆಂಗ ತಿಳೀತೈತಿ?" ಎಂದು ಕೇಳಿದೆ.

"ತಿಳ್ಯೂದs ಇಲ್ರಿ ಕಾರಕೂನ ಸಾಹೇಬ್ರ" ಎಂದ ಮಾಬುಸಾಬ. "ಅಧ್ಯಕ್ಷರು ಬಟನ್ ಮ್ಯಾಲ ಬೆರಳು ಇಟ್ರ ತಗಿಯಂಗಿಲ್ಲ. ಗಂಟಿ ಒಂದ ಸವನೆ ಒದರತಿರತೈತಿ. ಅದರಾಗ ಉಪಾಧ್ಯಕ್ಷರು ಒತ್ತಿದ್ರ ಹೊಸಾ ದನಿ ಎಲ್ಲಿಂದ ಬರಬೇಕು? ಅದಕ್ಕ ನಾನು ಒಬ್ಬರ ಖೋಲಿಗೆ ಹೋಗಿ ಬಂದಮ್ಯಾಲ, ಕೂಡೂಕಿಂತ ಮೊದಲ ಇನ್ನೊಬ್ಬರ ಖೋಲಿಗೂ ಇಣಕಿ ನೋಡ್ತೀನಿ. ಗಂಟಿ ಯಾರದರ ಇರಲಿ, ಎರಡೂ ಬಾಗಲಾ ನೋಡೂದು."

"ಹಂಗ ಮಾಡಂತ ಯಾರ ಹೇಳಿದ್ರು?"

"ಬೈಸಿಕೊಂಡು ಕಲತೇನ್ರಿ."

ಮಾಬುಸಾಬನಿಗೆ ಇದ್ದ ಈ ಬುದ್ಧಿ ನಮ್ಮ ಕಂಪ್ಯೂಟರಿಗೆ ಇರಲಿಲ್ಲ. ಅದು ಯಾರಿಂದಲೂ ಬೈಸಿಕೊಂಡಿರಲಿಲ್ಲ. ಅದಕ್ಕೆ ಕಲಿಸುವುದು ಹೇಗೆಂಬುದು ಬಹುಶಃ ಕೊನೆಯ ಅರ್ಧ ತಾಸಿನಲ್ಲಿತ್ತು.

ಹೋಗಿ ನಿಜ ಹೇಳಿಬಿಡಬೇಕೆಂದು ಅಧ್ಯಕ್ಷರ ಖೋಲಿಯವರೆಗೆ ಮೂರು ಸಲ ಹೋದೆ. ಮೂರು ಸಲವೂ ಚಪ್ಪಲಿ ಬಿಟ್ಟು, ಮತ್ತೆ ಹಾಕಿಕೊಂಡು ಬಂದೆ.

ಉದ್ಘಾಟನೆಯ ದಿನ ಬೆಳಿಗ್ಗೆ ತಕ್ಕಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಮೂಡಣ ತಕ್ಕಡಿಗೆ ನಾನೇ ಹತ್ತಿದೆ. ಪಡುವಣ ತಕ್ಕಡಿಗೆ ಮಾಬುಸಾಬ ತನ್ನ ಆಡಿನ ಮರಿಯನ್ನು ನಿಲ್ಲಿಸಿದ. ಹನ್ನೊಂದು ಕಿಲೋ ನಾನೂರು ಗ್ರಾಂ ಬಂತು. "ಮೂರು ತಿಂಗಳದಾಗ ಚಲೋ ಬೆಳದೈತಿ" ಎಂದು ಅವನು ಖುಷಿಪಟ್ಟ. ಒಂದೊಂದಾಗಿ ಎರಡೂ ಸರಿಯಾಗಿದ್ದವು. ಎರಡನ್ನೂ ಒಮ್ಮೆಗೇ ಪರೀಕ್ಷಿಸುವ ಧೈರ್ಯ ನನಗಾಗಲಿಲ್ಲ.

ಕಾರ್ಯಕ್ರಮವೆಂದರೆ ತುಲಾಭಾರ. ಅಧ್ಯಕ್ಷರು ಮತ್ತು ಉಪಾಧ್ಯಕ್ಷರು ತಮ್ಮ ತಮ್ಮ ತಕ್ಕಡಿಯ ಮೇಲೆ ಕೂಡ್ರಬೇಕು. ಯಾರು ಎಷ್ಟು ತೂಗುತ್ತಾರೋ ಅಷ್ಟು ಬೆಲ್ಲವನ್ನು ಅವರವರ ಓಣಿಯ ಜನಕ್ಕೆ ಹಂಚಬೇಕು. ಎರಡೂ ಬಾಗಿಲಲ್ಲಿ ಬೆಲ್ಲದ ಪೆಂಟಿಗಳ ರಾಶಿ ಬಿದ್ದಿತ್ತು. ಎರಡೂ ಓಣಿಯ ಜನ ಚೀಲ ಹಿಡಿದು ನಿಂತಿದ್ದರು. ಮುಹೂರ್ತ ಹನ್ನೊಂದು ನಲವತ್ತು, ಇಬ್ಬರಿಗೂ ಅದೇ. ಯಾರೂ ಇನ್ನೊಬ್ಬರ ನಂತರ ಕೂಡ್ರಲು ಸಿದ್ಧರಿರಲಿಲ್ಲ. ತೂಕದ ಚೀಟಿಗೆ ಸಹಿ ಮಾಡಲು ಧಾರವಾಡದಿಂದ ಬಂದಿದ್ದ ಸಹಕಾರ ಖಾತೆಯ ದೊಡ್ಡ ಸಾಹೇಬರು ನನ್ನ ಖೋಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನ ಕೈಯಲ್ಲಿ ಮೈಕು.

ಕುಬೇರಪ್ಪನವರು ರೇಶ್ಮೆ ಧೋತರ ಸರಿಪಡಿಸಿಕೊಂಡು ಕೂತು ಬಟನ್ ಒತ್ತಿದರು. ಅರೆಗಳಿಗೆ ತಡವಾಗಿ ಈರಬಸಪ್ಪನವರೂ ಒತ್ತಿದರು. ಪರದೆಯ ಮೇಲೆ ಮೂಡಣದ ಅಂಕಿ ಬದಲಾಯಿತು. ಪಡುವಣದ ಅಂಕಿ ಅಲುಗಲಿಲ್ಲ.

ನಾನು ಪ್ರಾಮಾಣಿಕ ಮನುಷ್ಯ. ಗಾಬರಿಯಾದಾಗ ಇನ್ನೂ ಪ್ರಾಮಾಣಿಕನಾಗುತ್ತೇನೆ. ಪರದೆಯ ಮೇಲೆ ಇದ್ದದ್ದನ್ನು ಇದ್ದ ಹಾಗೆ ಮೈಕಿನಲ್ಲಿ ಓದಿದೆ: "ಮಾನ್ಯ ಅಧ್ಯಕ್ಷರು ಎಂಬತ್ತನಾಲ್ಕು ಕಿಲೋ. ಮಾನ್ಯ ಉಪಾಧ್ಯಕ್ಷರು ಹನ್ನೊಂದು ಕಿಲೋ ನಾನೂರು ಗ್ರಾಂ."

ಮೇಲಿನ ಓಣಿ ಚಪ್ಪಾಳೆ ಹೊಡೆಯಿತು.

"ಏ ಮಾಳ್ಯಾ! ಇನ್ನೊಮ್ಮೆ ನೋಡಲೇ!" ಎಂದು ಈರಬಸಪ್ಪನವರು ಗುಡುಗಿದರು. ಬಟನ್ ಇನ್ನಷ್ಟು ಬಲವಾಗಿ ಒತ್ತಿದರು. ಹನ್ನೊಂದು ಕಿಲೋ ನಾನೂರು ಗ್ರಾಂ.

ಅವರ ಅಕ್ಕ ಗೌರಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಅಯ್ಯ ನನ ತಮ್ಮಾ, ಹನ್ನೊಂದು ಕಿಲೋಕ್ಕ ಬಂದೀಯಲ್ಲೋ! ಇಲೆಕ್ಷನ್ ಆದಾಗಿಂದ ಎರಡs ಎರಡು ರೊಟ್ಟಿ ತಿಂತೀ, ನಾ ಹೇಳಿದ್ರ ಕೇಳಂಗಿಲ್ಲ!" ಎಂದು ಅಲ್ಲಿಯೇ ಬುತ್ತಿ ಬಿಚ್ಚಿ ತಮ್ಮನ ಬಾಯಿಗೆ ಹೋಳಿಗೆ ತುರುಕತೊಡಗಿದಳು.

"ಅಕ್ಕಾ, ಮಶೀನ್ ಕೆಟ್ಟೈತೇ!"

"ಸರಕಾರದ ಮಶೀನ್ ಸುಳ್ಳ ಹೇಳತೈತೇನು? ಸುಮ್ನ ತಿನ್ನು."

ಇತ್ತ ಕೆಳಗಿನ ಓಣಿಯ ಜನಕ್ಕೆ ಬೇರೆ ಚಿಂತೆ. ಹನ್ನೊಂದು ಕಿಲೋ ಬೆಲ್ಲ ಇಡೀ ಓಣಿಗೆ ಎಲ್ಲಿ ಸಾಲಬೇಕು? ತಂದೆ ತಾತನ ಕಾಲದಿಂದ ಈರಬಸಪ್ಪನವರ ಪಕ್ಷದಲ್ಲಿದ್ದವರು ಒಬ್ಬೊಬ್ಬರಾಗಿ ಚೀಲ ಮಡಚಿಕೊಂಡು ಮೂಡಣ ಬಾಗಿಲಿನ ಸಾಲಿಗೆ ಹೋಗಿ ನಿಂತರು. ಅವರ ಖಾಸಾ ಬಂಟನೇ, "ನನ್ನ ಹೆಂಡತಿ ತವರುಮನಿ ಮ್ಯಾಲಿನ ಓಣಿಯಾಗ ಐತ್ರಿ" ಎಂದು ಕಾರಣ ಹೇಳಿ ಹೋದ.

ಆಗ ನಾನು ಧೈರ್ಯ ಮಾಡಿ ಮೈಕಿನಲ್ಲಿ ಹೇಳಿದೆ: "ಇಬ್ಬರ ಗಂಟಿನೂ ಒಂದ ಐತ್ರಿ. ಒಬ್ಬರು ಹಿಡಕೊಂಡಿದ್ರ ಇನ್ನೊಬ್ಬರದು ಕೇಳಂಗಿಲ್ಲ. ದಯಮಾಡಿ ಇಬ್ಬರೂ ಬೆರಳು ತಗದು, ಒಬ್ಬರಾದ ಮ್ಯಾಲ ಒಬ್ಬರು ಒತ್ರಿ."

ಇಬ್ಬರೂ ಬೆರಳು ತೆಗೆಯಲಿಲ್ಲ.

ಅಧ್ಯಕ್ಷರಿಗೆ ತಿಳಿದಿತ್ತು: ತಾವು ಬೆರಳು ತೆಗೆದರೆ ಈರಬಸಪ್ಪನವರ ನಿಜವಾದ ತೂಕ ಹೊರಗೆ ಬರುತ್ತದೆ, ಅದು ನೂರರ ಮೇಲಿದೆ. ಉಪಾಧ್ಯಕ್ಷರಿಗೂ ತಿಳಿದಿತ್ತು: ತಾವು ಬೆರಳು ತೆಗೆದರೆ ಹನ್ನೊಂದು ಕಿಲೋಕ್ಕೆ ಒಪ್ಪಿದ ಹಾಗೆ.

"ಮೊದಲ ಅಂವಾ ತಗೀಲಿ" ಎಂದರು ಇವರು.

"ಅಂವಾ ತಗದ ಮ್ಯಾಲ ನಾ ವಿಚಾರ ಮಾಡ್ತೀನಿ" ಎಂದರು ಅವರು.

ಹಿರಿಯರು ಸೇರಿ ಒಂದು ಉಪಾಯ ಮಾಡಿದರು. ನಾನು ಮೈಕಿನಲ್ಲಿ ಒಂದು, ಎರಡು, ಮೂರು ಎನ್ನುವುದು. ಮೂರಕ್ಕೆ ಇಬ್ಬರೂ ಕೂಡಿಯೇ ತೆಗೆಯುವುದು. ಎಣಿಸಿದೆ. ಮೂರಕ್ಕೆ ಇಬ್ಬರೂ ಒಬ್ಬರ ಬೆರಳನ್ನೊಬ್ಬರು ನೋಡಿದರು, ಅಷ್ಟೇ. ಒಂಬತ್ತು ಸಲ ಎಣಿಸಿದೆ. ಮಧ್ಯಾಹ್ನ ಒಂದಾಯಿತು, ಎರಡಾಯಿತು. ಅಧ್ಯಕ್ಷರಿಗೆ ಅವರ ಹೆಂಡತಿ ಕೊಡೆ ಹಿಡಿದರು. ಉಪಾಧ್ಯಕ್ಷರು ಆರನೆಯ ಹೋಳಿಗೆ ತಿಂದರು; ಗೌರಕ್ಕ ನನ್ನ ಖೋಲಿಯ ಕಿಟಕಿಯಲ್ಲಿ ಇಣುಕಿ, "ಈಗರ ಏರೇತೇನೋ ಮಾಳಪ್ಪಾ?" ಎಂದಳು.

"ಇಲ್ಲಬೇ. ಅಷ್ಟs ಐತಿ."

"ಜಂತಿನ ಔಷಧ ಕೊಡಸಬೇಕು" ಎಂದು ನಿಟ್ಟುಸಿರಿಟ್ಟು ಹೋದಳು.

ಧಾರವಾಡದ ಸಾಹೇಬರು ಗಡಿಯಾರ ನೋಡಿಕೊಂಡರು. "ರೀ, ನನಗೆ ನಾಲ್ಕರ ಬಸ್ಸಿದೆ. ಚೀಟಿ ಬಂದರೆ ಸಹಿ ಮಾಡಿ ಹೋಗುತ್ತೇನೆ. ಚೀಟಿಯಲ್ಲಿ ಏನಿದೆ ಎಂಬುದು ನನ್ನ ಕೆಲಸವಲ್ಲ, ಚೀಟಿ ಇದೆಯೇ ಎಂಬುದಷ್ಟೇ ನನ್ನ ಕೆಲಸ" ಎಂದರು.

ನಾನು ಅಳುವುದೊಂದು ಬಾಕಿ ಇತ್ತು. ಮಾಬುಸಾಬ ಬಾಗಿಲಲ್ಲಿ ನಿಂತಿದ್ದ. "ಕಾರಕೂನ ಸಾಹೇಬ್ರ, ನಾ ಒಂದ ಸಲ ಎರಡೂ ಬಾಗಲಾ ನೋಡಿ ಬರಲೇನ್ರಿ?" ಎಂದ.

ಅವನು ಮೂಡಣ ಬಾಗಿಲಿಗೆ ಹೋಗಿ ಅಧ್ಯಕ್ಷರ ಕಿವಿಯಲ್ಲಿ, "ಧಾರವಾಡದ ಸಾಹೇಬ್ರು ಫೋಟೋಕ್ಕ ನಿಮ್ಮನ್ನಷ್ಟ ಕರೀಲಿಕ್ಹತ್ತಾರ್ರಿ. ಉಪಾಧ್ಯಕ್ಷರಿಗೆ ಹೇಳಬ್ಯಾಡ ಅಂದಾರ" ಎಂದ. ಪಡುವಣ ಬಾಗಿಲಿಗೆ ಹೋಗಿ ಉಪಾಧ್ಯಕ್ಷರ ಕಿವಿಯಲ್ಲೂ ಇದೇ ಮಾತು ಹೇಳಿದ, ಹುದ್ದೆ ಮಾತ್ರ ಬದಲಿಸಿ. ಮೂರು ತಾಸು ಅಲುಗದ ಎರಡು ಬೆರಳುಗಳು ಒಂದೇ ಕ್ಷಣದಲ್ಲಿ ಮೇಲೆದ್ದವು. ಇಬ್ಬರೂ ಎರಡು ದಿಕ್ಕಿನಿಂದ ಓಡಿಬಂದು ನನ್ನ ಖೋಲಿಯ ಬಾಗಿಲಲ್ಲಿ ಒಬ್ಬರಿಗೊಬ್ಬರು ಸಿಕ್ಕಿಕೊಂಡರು. ಒಳಗೆ ಬರಲು ಇಬ್ಬರಿಗೂ ಆಗಲಿಲ್ಲ. ಬಾಗಿಲೂ ಒಂದೇ ಇತ್ತು.

ಅಷ್ಟರಲ್ಲಿ ಮಾಬುಸಾಬ ಇನ್ನೊಂದು ಕೆಲಸ ಮಾಡಿದ್ದ. ತಕ್ಕಡಿ ಸರಿಯಾಯಿತೋ ಇಲ್ಲವೋ ನೋಡೋಣವೆಂದು ಮೂಡಣದ ಖಾಲಿ ತಕ್ಕಡಿಯ ಬಟನ್ನನ್ನು ತಾನೇ ಒತ್ತಿ ಬಿಟ್ಟು, ಇತ್ತ ಬಂದು ಪಡುವಣದ್ದನ್ನೂ ಒತ್ತಿ ಬಿಟ್ಟ. ಒಂದಾದ ಮೇಲೆ ಒಂದು, ಎರಡೂ ಗಂಟೆಗಳನ್ನು ಕಂಪ್ಯೂಟರ್ ಸ್ಪಷ್ಟವಾಗಿ ಕೇಳಿಸಿಕೊಂಡಿತು. ಪರ್ರ್ ಎಂದು ಚೀಟಿ ಹೊರಬಂತು:

ಅಧ್ಯಕ್ಷರು — ೦ ಕಿಲೋ ೦ ಗ್ರಾಂ.
ಉಪಾಧ್ಯಕ್ಷರು — ೦ ಕಿಲೋ ೦ ಗ್ರಾಂ.

ಸಾಹೇಬರು ಚೀಟಿ ಕಿತ್ತುಕೊಂಡು, ಸಹಿ ಮಾಡಿ, ಶಿಕ್ಕೆ ಒತ್ತಿ, ನನ್ನ ಕೈಗೆ ಕೊಟ್ಟು, ಕಿಟಕಿಯಿಂದ ಇಳಿದು ಬಸ್ಸಿಗೆ ಹೋದರು. ಆ ಓಟ ನನಗೆ ಪರಿಚಿತವಾಗಿತ್ತು.

ಇಬ್ಬರೂ ಚೀಟಿ ಓದಿದರು. ನಾನು ಕಣ್ಣು ಮುಚ್ಚಿಕೊಂಡೆ. ಬಹಳ ಹೊತ್ತಾದರೂ ಪೆಟ್ಟು ಬೀಳದಿದ್ದಾಗ ತೆರೆದೆ.

"ಸರಕಾರಿ ಶಿಕ್ಕಾ ಬಿದ್ದೈತಿ" ಎಂದರು ಕುಬೇರಪ್ಪನವರು ನಿಧಾನವಾಗಿ.

"ಹೌದು. ದಾಖಲೆ ದಾಖಲೇನ" ಎಂದರು ಈರಬಸಪ್ಪನವರು, ಇನ್ನೂ ನಿಧಾನವಾಗಿ.

ಇಪ್ಪತ್ತು ವರ್ಷದಲ್ಲಿ ಅವರಿಬ್ಬರು ಒಪ್ಪಿದ ಮೊದಲ ಸಂಗತಿ ಅದು. ಸೊನ್ನೆ ತೂಕಕ್ಕೆ ಸೊನ್ನೆ ಬೆಲ್ಲ. ದಾಖಲೆಗೆ ತಲೆಬಾಗಿ, ಎರಡೂ ರಾಶಿಯ ಪೆಂಟಿಗಳನ್ನು ಚಕ್ಕಡಿಗೆ ಹೇರಿಸಿಕೊಂಡು ಅವರವರು ಮನೆಗೆ ಹೋದರು. ಎರಡೂ ಓಣಿಯ ಜನ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಆ ದಿನ ಬೆಲ್ಲ ಸಿಕ್ಕಿದ್ದು ಮಾಬುಸಾಬನ ಆಡಿನ ಮರಿಗೆ ಮಾತ್ರ. ಅದು ಯಾರಿಗೂ ಹೇಳದೆ ಮೂಡಣ ರಾಶಿಯ ಒಂದು ಮೂಲೆ ನೆಕ್ಕಿ ಮುಗಿಸಿತ್ತು.

ಮುಂದಿನ ಸಭೆಯಲ್ಲಿ ನನ್ನ ವಿಷಯ ಬಂತು. ನನ್ನನ್ನು ತೆಗೆದುಹಾಕಬೇಕೆಂದು ಅಧ್ಯಕ್ಷರು ಸೂಚಿಸಿದರು. ಅವರು ಸೂಚಿಸಿದರೆಂಬ ಕಾರಣಕ್ಕೆ ಉಪಾಧ್ಯಕ್ಷರು ವಿರೋಧಿಸಿ, ಖಾಯಂ ಮಾಡಬೇಕೆಂದರು. ಅವರು ಹಾಗೆಂದರೆಂಬ ಕಾರಣಕ್ಕೆ ಅಧ್ಯಕ್ಷರು ಅದನ್ನು ವಿರೋಧಿಸಿದರು. ನನ್ನ ಹೆಸರಿನ ಮೇಲೆ ಇಬ್ಬರ ಬೆರಳೂ ಕೂತಿದೆ. ಯಾರೂ ತೆಗೆಯುವುದಿಲ್ಲ. ತೆಗೆಯುವವರೆಗೆ ನಾನು ಹಂಗಾಮಿ.

ಇವತ್ತು ಆ ಒಂದು ದಿನ. ಹದಿನೈದನೆಯ ಸಲ ನಾನು ಯಾರೂ ಅಲ್ಲ. ಆದ್ದರಿಂದಲೇ ಇದನ್ನು ಬರೆಯಲು ಬಿಡುವು ಸಿಕ್ಕಿದೆ. ಜೋಳ ಬೀಸಿಕೊಂಡು ಬಂದಾಗಿದೆ.

ಕಳೆದ ವಾರ ಹುಬ್ಬಳ್ಳಿಗೆ ಹೋಗಿದ್ದೆ. ತರಗತಿ ಮುಚ್ಚಿತ್ತು, ಗುರುಗಳು ಎಲ್ಲಿಗೆ ಹೋದರೋ ಯಾರಿಗೂ ತಿಳಿಯದು. ನನ್ನ ಸಹಪಾಠಿ ದಾವೂದಸಾಬ ಮಾರ್ಕೆಟ್ಟಿನಲ್ಲಿ ಸಿಕ್ಕ. ಅವನ ಮನೆ ಹುಬ್ಬಳ್ಳಿಯಲ್ಲೇ. ಅವನು ಎಂಟರ ತನಕ ಕೂತಿರುತ್ತಿದ್ದ. ಆಸೆಯಿಂದ ಅವನ ಮನೆಗೆ ಹೋಗಿ ವಹಿ ತೆಗೆಸಿದೆ. ಅವನೂ "ಹಂಚಿಕೊಳ್ಳಬಹುದು, ಆದರೆ" ಎಂದು ಬರೆದಿದ್ದ. ಅದರ ಕೆಳಗೆ ಗುರುಗಳ ಮೂಗಿನ ಚಿತ್ರವಿತ್ತು.

"ಮುಂದ ಏನ್ ಹೇಳಿದ್ರು?" ಎಂದು ಕೇಳಿದೆ.

"ನೀ ಎದ್ದು ಹೋದಿ ನೋಡು, ಆಗ ಕರೆಂಟ್ ಹೋತು. ಎಲ್ಲಾರೂ ಎದ್ದು ಬಂದ್ವಿ" ಎಂದ.

ಆದ್ದರಿಂದ, ಓದುಗರೇ, ಆ "ಆದರೆ" ಎಂಬುದರ ಮುಂದೆ ಏನಿತ್ತೋ ನನಗೆ ಗೊತ್ತಿಲ್ಲ.